ಕೊರ್ನೀಲ್ಯಾದಲ್ಲಿ ದೋಣಿ ನಿಲ್ಲುವುದಿಲ್ಲ



ಇಟಲಿ ಮತ್ತು ದೋಣಿ ಎಂಬ ಎರಡು ಮಾತು ಒಟ್ಟಿಗೆ ಕಿವಿಗೆ ಬಿದ್ದರೆ ಸಾಕು, ನಮ್ಮ ಮನಸ್ಸು ನೇರವಾಗಿ ವೆನಿಸ್ಸಿಗೆ ಹೋಗುತ್ತದೆ. ಆ ಉದ್ದ ಮೂತಿಯ ಗೊಂಡೋಲಾ ದೋಣಿಯನ್ನು ಹಿಂದಿ ಸಿನಿಮಾದಲ್ಲಿ ನೋಡಿದ್ದೇವೆ, ಕ್ಯಾಲೆಂಡರಿನಲ್ಲಿ ನೋಡಿದ್ದೇವೆ, ಯುರೋಪ್ ಟೂರಿಗೆ ಹೋಗಿ ಬಂದ ನೆಂಟರ ಆಲ್ಬಮ್ಮಿನಲ್ಲೂ ನೋಡಿದ್ದೇವೆ. ಇವತ್ತು ನಾನು ಹೇಳಹೊರಟಿರುವುದು ಅದರ ಮಾತಲ್ಲ. ಇಟಲಿಯ ವಾಯವ್ಯ ಕರಾವಳಿಯಲ್ಲಿ, ಲಿಗುರಿಯಾ ಎಂಬ ಪ್ರಾಂತ್ಯದಲ್ಲಿ, ನಮ್ಮ ಕೆಂಪು ಬಸ್ಸಿನ ಹಾಗೆ ಊರಿಂದೂರಿಗೆ ನಿಂತು ನಿಂತು ಹೋಗುವ ಒಂದು ಪ್ರಯಾಣಿಕರ ದೋಣಿಯಿದೆ. ಅದರಲ್ಲಿ ಹಾಡುವ ಅಂಬಿಗನಿಲ್ಲ, ಕೆಂಪು ಮೆತ್ತೆಯಿಲ್ಲ. ಟಿಕೆಟ್ ತಗೊಳ್ಳಬೇಕು, ಸರತಿಯಲ್ಲಿ ನಿಲ್ಲಬೇಕು, ಸಿಕ್ಕ ಬೆಂಚಿನಲ್ಲಿ ಕೂರಬೇಕು. ಒಂದೂರಿನಿಂದ ಮುಂದಿನೂರಿಗೆ ಹತ್ತು, ಹೆಚ್ಚೆಂದರೆ ಹದಿನೈದು ನಿಮಿಷ. ಅಷ್ಟು ಹೊತ್ತಿನ ಪ್ರಯಾಣದಲ್ಲಿ ಹೇಳುವುದಕ್ಕೇನಿದೆ ಎಂದು ನೀವು ಕೇಳಬಹುದು. ಕೇಳಿ ನೋಡಿ.

ಆ ಕರಾವಳಿಯ ಹೆಸರು ಚಿಂಕ್ವೆ ತೆರ್ರೆ. ಚಿಂಕ್ವೆ ಎಂದರೆ ಐದು, ತೆರ್ರೆ ಎಂದರೆ ನೆಲ. ಐದು ಊರುಗಳ ನೆಲ ಎನ್ನೋಣ. ದಕ್ಷಿಣದಿಂದ ಹೊರಟರೆ ರಿಯೊಮಜ್ಜೊರೆ, ಮನರೋಲಾ, ಕೊರ್ನೀಲ್ಯಾ, ವೆರ್ನಾಜಾ, ಮೊಂತೆರೊಸ್ಸೊ. ಐದೂ ಸೇರಿದರೂ ಜನಸಂಖ್ಯೆ ನಾಲ್ಕು ಸಾವಿರದ ಆಸುಪಾಸು. ಹಿಂದೆ ಕಡಿದಾದ ಬೆಟ್ಟ, ಮುಂದೆ ಸಮುದ್ರ, ನಡುವೆ ಸಿಕ್ಕ ಬಿರುಕಿನಲ್ಲಿ ಒಂದರ ಹೆಗಲ ಮೇಲೊಂದು ಹತ್ತಿ ಕೂತ ಮನೆಗಳು. ಯುನೆಸ್ಕೊ 1997ರಲ್ಲಿ ಈ ತೀರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, 1999ರಲ್ಲಿ ಇದು ರಾಷ್ಟ್ರೀಯ ಉದ್ಯಾನವೂ ಆಯಿತು. ಅಲ್ಲಿಂದ ಮುಂದೆ ಪ್ರವಾಸಿಗಳ ಪ್ರವಾಹ.

ಹೆಚ್ಚಿನವರು ಅಲ್ಲಿಗೆ ಹೋಗುವುದು ರೈಲಿನಲ್ಲಿ. ಪಕ್ಕದ ದೊಡ್ಡ ಪಟ್ಟಣ ಲಾ ಸ್ಪೆಜಿಯಾದಿಂದ ಮೊದಲ ಊರು ರಿಯೊಮಜ್ಜೊರೆಗೆ ರೈಲಿನಲ್ಲಿ ಹತ್ತು ನಿಮಿಷವೂ ಬೇಡ, ಕೊನೆಯ ಊರು ಮೊಂತೆರೊಸ್ಸೊಗೆ ಅರ್ಧ ಗಂಟೆಯೊಳಗೆ ಮುಟ್ಟುತ್ತೀರಿ. ಆದರೆ ದಾರಿಯುದ್ದಕ್ಕೂ ಸುರಂಗ. ಮುಂಬಯಿಯಿಂದ ಕೊಂಕಣ ರೈಲಿನಲ್ಲಿ ಊರಿಗೆ ಹೋಗಿ ಬರುವ ನಮ್ಮ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕತ್ತಲೆ, ಒಂದು ಕ್ಷಣ ಬೆಳಕು, ಮತ್ತೆ ಕತ್ತಲೆ. ಆ ಬೆಳಕಿನ ತುಣುಕಿನಲ್ಲಿ ನೀಲಿ ಸಮುದ್ರ ಕಂಡಿತೇ ಎನ್ನುವಷ್ಟರಲ್ಲಿ ಅದೂ ಹೋಯಿತು. ದೋಣಿಯಲ್ಲಿ ಹೋದರೆ ಲಾ ಸ್ಪೆಜಿಯಾದಿಂದ ಮೊಂತೆರೊಸ್ಸೊಗೆ ಹತ್ತಿರ ಹತ್ತಿರ ಎರಡು ಗಂಟೆ. ಸಮಯ ಉಳಿಸುವವರಿಗೆ ದೋಣಿ ದಂಡ. ಊರು ನೋಡಬೇಕೆನ್ನುವವರಿಗೆ ಮಾತ್ರ ಬೇರೆ ದಾರಿಯಿಲ್ಲ. ಏಕೆಂದರೆ ಈ ಊರುಗಳ ಮುಖ ಇರುವುದು ಸಮುದ್ರದ ಕಡೆಗೆ. ರೈಲು ನಮ್ಮನ್ನು ಇಳಿಸುವುದು ಅವುಗಳ ಹಿತ್ತಿಲಲ್ಲಿ.

ನಾನು ಹೋದದ್ದು ಒಂದು ಮೇ ತಿಂಗಳಲ್ಲಿ, ಅಣ್ಣ ಅತ್ತಿಗೆಯ ಜೊತೆ. ಅತ್ತಿಗೆಯ ಅಮ್ಮನೂ ಇದ್ದರು. ಕುಂದಾಪುರದ ಕಡೆಯವರು, ವಯಸ್ಸು ಎಪ್ಪತ್ತರ ಹತ್ತಿರ, ಮಂಡಿನೋವು ಬೇರೆ. ಲಾ ಸ್ಪೆಜಿಯಾದ ಬಂದರಿನಲ್ಲಿ ಖರ್ಜೂರದ ಜಾತಿಯ ಮರಗಳ ಸಾಲು, ಅದರ ಮುಂದೆ ಟಿಕೆಟಿನ ಸಣ್ಣ ಗೂಡಂಗಡಿ. ಅಲ್ಲಿನವರು ಈ ದೋಣಿಗೆ ಬತ್ತೆಲ್ಲೊ ಎನ್ನುತ್ತಾರೆ. ಹೋಗುವ ಟಿಕೆಟಿಗೆ ಅಂದಾತಾ, ಬರುವುದಕ್ಕೆ ರಿತೋರ್ನೊ. ಅತ್ತಿಗೆಯ ಅಮ್ಮನ ಕಿವಿಗೆ ಅದು ಅನ್ನದಾತ ಎಂದು ಕೇಳಿಸಿ, ಊಟವೂ ಸೇರಿದೆಯೇ ಎಂದು ವಿಚಾರಿಸಿದರು. ಊಟ ಸೇರಿಲ್ಲ. ರೈಲಿಗೂ ನಡೆದಾಡುವ ದಾರಿಗೂ ಒಟ್ಟಿಗೆ ಸಿಗುವ ಚಿಂಕ್ವೆ ತೆರ್ರೆ ಕಾರ್ಡ್ ಎಂಬುದೊಂದಿದೆ, ದೋಣಿಗೆ ಅದು ನಡೆಯುವುದಿಲ್ಲ. ಇದಕ್ಕೆ ಬೇರೆಯೇ ಟಿಕೆಟ್. ಇಡೀ ದಿನದ ಟಿಕೆಟ್ ತಗೊಂಡರೆ ಬೇಕಾದಲ್ಲಿ ಇಳಿದು ಮುಂದಿನ ದೋಣಿ ಹಿಡಿಯಬಹುದು.

ದೋಣಿ ಎಂದೆ, ಲಾಂಚು ಎಂದರೆ ಸರಿಯಾದೀತು. ಮುಂಬಯಿಯವರು ಗೇಟ್‌ವೇಯಿಂದ ಎಲಿಫೆಂಟಾಗೆ ಹೋಗುವ ಲಾಂಚನ್ನು ನೆನೆಸಿಕೊಳ್ಳಿ, ಅದಕ್ಕಿಂತ ದೊಡ್ಡದು, ಬಿಳಿ ಬಣ್ಣ, ಎರಡು ಅಂತಸ್ತು. ಕೆಳಗೆ ಗಾಜಿನ ಕಿಟಕಿ, ಮೇಲೆ ಬಯಲು. ಎಲ್ಲರೂ ಮೇಲಕ್ಕೇ ಓಡುತ್ತಾರೆ. ನನ್ನ ಕಸುಬಿನ ಕಿವಿ ಸುಮ್ಮನಿರಬೇಕಲ್ಲ, ಧ್ವನಿವರ್ಧಕದಲ್ಲಿ ಬರುವ ಪ್ರಕಟಣೆಯನ್ನು ಗಮನಿಸಿದೆ. ಇಟಾಲಿಯನ್ ಭಾಷೆಯಲ್ಲಿ ಊರಿನ ಹೆಸರನ್ನು ಹಾಡಿದಂತೆ ಹೇಳಿದ ಹುಡುಗಿ ಇಂಗ್ಲಿಷಿಗೆ ಬಂದಾಗ ಪಟ್ಟಿ ಓದಿದ ಹಾಗೆ ಓದಿ ಮುಗಿಸಿದಳು. ತಾಯ್ನುಡಿಯಲ್ಲಿ ಮೈಕು ಹಿಡಿಯುವುದಕ್ಕೂ ಕಲಿತ ನುಡಿಯಲ್ಲಿ ಹಿಡಿಯುವುದಕ್ಕೂ ಇರುವ ಅಂತರ ಎಲ್ಲ ದೇಶದಲ್ಲೂ ಒಂದೇ.

ಹೊರಟ ಮೇಲೆ ಮೊದಲ ಅರ್ಧ ಗಂಟೆ ಕೊಲ್ಲಿಯ ಒಳಗೇ. ನೀರು ತಟ್ಟೆಯಲ್ಲಿಟ್ಟ ಹಾಗಿರುತ್ತದೆ. ಲಾ ಸ್ಪೆಜಿಯಾ ಇಟಲಿಯ ನೌಕಾಪಡೆಯ ನೆಲೆ, ಬೂದು ಬಣ್ಣದ ಯುದ್ಧನೌಕೆಗಳು ಪಕ್ಕದಲ್ಲೇ ನಿಂತಿರುತ್ತವೆ. ಎಡಗಡೆ ದೂರದಲ್ಲಿ ಕೋಟೆಯಿರುವ ಊರೊಂದು ಕಾಣುತ್ತದೆ, ಅದು ಲೆರಿಚಿ. ಈ ಕೊಲ್ಲಿಗೆ ಕವಿಗಳ ಕೊಲ್ಲಿ ಎಂದೇ ಹೆಸರು. ಲೆರಿಚಿಯ ಪಕ್ಕದ ಸಾನ್ ತೆರೆಂಜೊ ಎಂಬಲ್ಲಿ, ಅಲೆ ಬಡಿಯುವ ಮನೆಯೊಂದರಲ್ಲಿ, 1822ರಲ್ಲಿ ಶೆಲ್ಲಿ ಮತ್ತು ಮೇರಿ ಶೆಲ್ಲಿ ಬಾಡಿಗೆಗಿದ್ದರು. ಶೆಲ್ಲಿಯ ಹೆಸರು ಕನ್ನಡ ಓದಿದವರಿಗೆ ಹೊರಗಿನದಲ್ಲ. ನಮ್ಮ ನವೋದಯದ ಕವಿಗಳು ಆ ಇಂಗ್ಲಿಷ್ ಕವಿಗಳನ್ನು ಓದಿಕೊಂಡೇ ಬೆಳೆದವರು. ನಮಗೆ ತರಗತಿಯಲ್ಲಿ ಶೆಲ್ಲಿ ಬಂದದ್ದು ಹಕ್ಕಿಯ ಕವಿಯಾಗಿ, ಗಾಳಿಯ ಕವಿಯಾಗಿ. ಆತನನ್ನು ಕೊಂದದ್ದು ಈ ಸಮುದ್ರ ಎಂಬುದನ್ನು ಮೇಷ್ಟರು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದರು.

ನಡೆದದ್ದು ಇಷ್ಟು. ಆ ವರ್ಷದ ಜುಲೈ 8ರಂದು ಶೆಲ್ಲಿ ದಕ್ಷಿಣದ ಲಿವೋರ್ನೊ ಬಂದರಿನಿಂದ ತನ್ನದೇ ಹಾಯಿದೋಣಿಯಲ್ಲಿ ಲೆರಿಚಿಯ ಕಡೆಗೆ ಹೊರಟ. ಜೊತೆಗೆ ಗೆಳೆಯ ವಿಲಿಯಮ್ಸ್, ಒಬ್ಬ ಹುಡುಗ. ಬಿರುಗಾಳಿ ಎದ್ದಿತು. ಹೆಣ ಸಿಕ್ಕಿದ್ದು ಹತ್ತು ದಿನದ ಮೇಲೆ, ವಿಯಾರೆಜ್ಜೊ ಎಂಬಲ್ಲಿನ ಮರಳಿನ ಮೇಲೆ. ಗುರುತು ಹಿಡಿಯಲು ನೆರವಾದದ್ದು ಜೇಬಿನಲ್ಲಿದ್ದ ಕೀಟ್ಸನ ಕವನಗಳ ಪುಸ್ತಕ. ಮೂವತ್ತು ತುಂಬಲು ಇನ್ನೂ ಒಂದು ತಿಂಗಳಿತ್ತು. ಸಮುದ್ರ ಬಿಸಿಲಿಗೆ ಹೊಳೆಯುತ್ತಿರುವಾಗ, ಪಕ್ಕದ ಬೆಂಚಿನ ಮಕ್ಕಳು ಐಸ್‌ಕ್ರೀಂ ತಿನ್ನುತ್ತಿರುವಾಗ, ಇದನ್ನೆಲ್ಲ ನಂಬುವುದು ಕಷ್ಟ.

ಕೊಲ್ಲಿಯ ತುದಿಯಲ್ಲಿ ಪೊರ್ತೊವೆನೆರೆ. ಬಂಡೆಯ ನೆತ್ತಿಯಲ್ಲಿ ಸಂತ ಪೀಟರನ ಪುಟ್ಟ ಚರ್ಚು, ಗೋಡೆಗೆ ಕಪ್ಪು ಬಿಳಿ ಪಟ್ಟೆ. ಹದಿಮೂರನೆಯ ಶತಮಾನದ ಕಟ್ಟಡ. ಅಲ್ಲೇ ಕೆಳಗಿನ ಬಂಡೆಗಳ ಸಂದಿಗೆ ಬೈರನ್ನನ ಹೆಸರಿದೆ, ಅಲ್ಲಿಂದ ಆತ ಲೆರಿಚಿಯವರೆಗೆ ಈಜಿದನೆಂದು ಕಲ್ಲಿನ ಮೇಲೆ ಬರೆದಿದ್ದಾರೆ. ದೋಣಿ ಆ ಚರ್ಚಿಗೂ ಎದುರಿನ ಪಲ್ಮಾರಿಯಾ ದ್ವೀಪಕ್ಕೂ ನಡುವಿನ ಕಿರಿದಾದ ಬಾಯಿಯಿಂದ ಹೊರಗೆ ತೂರುತ್ತದೆ. ತೂರಿದ ಕೂಡಲೇ ಕಾಲಡಿಯಲ್ಲಿ ಬದಲಾವಣೆ ತಿಳಿಯುತ್ತದೆ. ಅಷ್ಟು ಹೊತ್ತು ಕೆರೆಯಲ್ಲಿದ್ದ ದೋಣಿ ಈಗ ಸಮುದ್ರದಲ್ಲಿದೆ. ಮಾತು ಕಡಿಮೆಯಾಗುತ್ತದೆ, ಕೈಗಳು ಕಂಬಿ ಹುಡುಕುತ್ತವೆ. ಹೋಗುವಾಗ ಬಲಗಡೆಯ ಬೆಂಚು ಹಿಡಿಯಿರಿ, ನೆಲ ಇರುವುದು ಆ ಕಡೆಗೆ. ಎಡಗಡೆ ಬರೀ ನೀರು.

ಇಲ್ಲಿಂದ ರಿಯೊಮಜ್ಜೊರೆಯವರೆಗೆ ಅರ್ಧ ಗಂಟೆ ಊರೇ ಇಲ್ಲ. ನೀರಿನಿಂದ ನೆಟ್ಟಗೆ ಎದ್ದ ಬೆಟ್ಟ. ಮೊದಮೊದಲು ಅದರ ಮೈಮೇಲೆ ಯಾರೋ ಬಾಚಣಿಗೆ ಎಳೆದಂತೆ ಅಡ್ಡಗೆರೆಗಳು ಕಾಣುತ್ತವೆ. ಹತ್ತಿರವಾದಂತೆ ಗೊತ್ತಾಗುತ್ತದೆ, ಅವು ಕಲ್ಲಿನ ಗೋಡೆಗಳು. ಗಾರೆಯಿಲ್ಲ, ಸಿಮೆಂಟಿಲ್ಲ, ಕಲ್ಲಿನ ಮೇಲೆ ಕಲ್ಲು. ಒಂದೊಂದು ಗೋಡೆಯ ಹಿಂದೆ ಒಂದು ಕೋಣೆಯಷ್ಟಗಲದ ಮಣ್ಣು, ಅದರಲ್ಲಿ ದ್ರಾಕ್ಷಿ. ಮೇಲೆ ಇನ್ನೊಂದು ಗೋಡೆ, ಇನ್ನೊಂದು ತುಂಡು ಮಣ್ಣು. ನೀರಂಚಿನಿಂದ ಮೋಡದವರೆಗೆ ಹೀಗೇ. ಸಾವಿರ ವರ್ಷದಷ್ಟು ಕಾಲ ಜನ ಬೆನ್ನ ಮೇಲೆ, ತಲೆಯ ಮೇಲೆ ಕಲ್ಲು ಹೊತ್ತು ಕಟ್ಟಿದ ಬೆಟ್ಟ ಇದು. ಗಾರೆಯಿಲ್ಲದೆ ಕಲ್ಲು ಜೋಡಿಸುವ ಈ ಕೆಲಸವನ್ನು 2018ರಲ್ಲಿ ಯುನೆಸ್ಕೊ ಮನುಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು, ಇಟಲಿಯೂ ಸೇರಿ ಎಂಟು ದೇಶಗಳ ಹೆಸರಿನಲ್ಲಿ. ಕೆಲವು ಕಡೆ ಗೋಡೆಗಳ ಮೇಲೆ ಹಾದುಹೋಗುವ ಒಂಟಿ ಹಳಿ ಕಾಣುತ್ತದೆ. ಸುಗ್ಗಿಯ ಹೊತ್ತಿಗೆ ದ್ರಾಕ್ಷಿಯ ಬುಟ್ಟಿಗಳನ್ನು ಹೊತ್ತು ತರುವ ಪುಟ್ಟ ಬಂಡಿಯ ಹಳಿ ಅದು. ಸಂತೋಷದ ಸಂಗತಿ, ತಲೆಹೊರೆ ಅಷ್ಟು ಕಡಿಮೆಯಾಯಿತು. ಆದರೆ ಗೋಡೆ ಕಟ್ಟುವ ಕೈಗಳೂ ಕಡಿಮೆಯಾಗಿವೆ. ಬಾಚಿದ ಗೆರೆಗಳ ನಡುವೆ ಅಲ್ಲಲ್ಲಿ ಕುರುಚಲು ಬೆಳೆದು ಮಸುಕಾದ ಜಾಗಗಳಿವೆ, ನೆಲದ ಮೇಲೆ ನಿಂತವರಿಗೆ ಕಾಣದ್ದು ದೋಣಿಯಿಂದ ಚೆನ್ನಾಗಿ ಕಾಣುತ್ತದೆ. ಇದನ್ನು ನೆನಪಿನಲ್ಲಿಡಿ, ಮತ್ತೆ ಬರುತ್ತೇನೆ.

ರಿಯೊಮಜ್ಜೊರೆಯಲ್ಲಿ ಇಳಿಯುವುದು ಒಂದು ಕಲೆ. ಗೇಟ್‌ವೇಯಂಥ ಕಟ್ಟೆ ಅಲ್ಲಿಲ್ಲ. ದೋಣಿ ತನ್ನ ಮೂತಿಯನ್ನು ಬಂಡೆಯ ಕಡೆಗೆ ತಿರುಗಿಸಿ ನಿಧಾನವಾಗಿ ಮುಂದೆ ಬರುತ್ತದೆ, ಎಂಜಿನ್ನು ಗುರುಗುಟ್ಟುತ್ತಲೇ ಇರುತ್ತದೆ, ಒಬ್ಬ ಹಗ್ಗ ಎಸೆಯುತ್ತಾನೆ, ಇಬ್ಬರು ಚಕ್ರವಿರುವ ಕಬ್ಬಿಣದ ಹಲಗೆಯೊಂದನ್ನು ಬಂಡೆಯ ಮೇಲೆ ಚಾಚುತ್ತಾರೆ. ಹಲಗೆಯ ಒಂದು ತುದಿ ಭೂಮಿಯ ಮೇಲೆ, ಇನ್ನೊಂದು ತುದಿ ದೋಣಿಯ ಮೇಲೆ. ಅಲೆ ಬಂದಾಗ ದೋಣಿಯ ತುದಿ ಏರುತ್ತದೆ, ಇಳಿಯುತ್ತದೆ, ಬಂಡೆಯ ಮೇಲಿನ ಚಕ್ರ ಹಿಂದೆ ಮುಂದೆ ಉರುಳುತ್ತದೆ. ಅದರ ಮೇಲೆ ನಾವು ನಡೆಯಬೇಕು. ಎರಡೂ ಬದಿಯಲ್ಲಿ ಒಬ್ಬೊಬ್ಬ ನಾವಿಕ ನಿಂತು, ನೀವು ಬೇಡವೆಂದರೂ ಮೊಣಕೈ ಹಿಡಿದುಕೊಳ್ಳುತ್ತಾನೆ. ಬಾಯಲ್ಲಿ ಒಂದೇ ಮಾತು, ಪಿಯಾನೊ, ಪಿಯಾನೊ. ನಾವು ಪಿಯಾನೊ ಎಂದರೆ ವಾದ್ಯ ಎಂದುಕೊಂಡವರು. ಅವರಿಗೆ ಅದು ಮೆಲ್ಲಗೆ, ಮೆಲ್ಲಗೆ.

ನಮಗೆಲ್ಲ ಅತ್ತಿಗೆಯ ಅಮ್ಮನದೇ ಚಿಂತೆ. ಅವರು ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ನಾವಿಕನ ಕೈಯನ್ನು ಇನ್ನೊಂದರಲ್ಲಿ ಹಿಡಿದು, ಅಲೆ ಇಳಿಯುವವರೆಗೆ ನಿಂತು, ಅದು ಏಳುವುದಕ್ಕೆ ಸರಿಯಾಗಿ ಹೆಜ್ಜೆ ಹಾಕಿ ದಾಟಿಬಿಟ್ಟರು. ಹಿಂದಿನಿಂದ ಬಂದ ನಮ್ಮ ಮುಖ ನೋಡಿ, "ಗಂಗೊಳ್ಳಿ ಹೊಳಿ ದಾಟ್ದ ಕಾಲ್ ಇದ್, ಹೆದ್ರುಕೆ ಎಂತ ಇತ್ತ್?" ಎಂದರು. ಕುಂದಾಪುರದಿಂದ ಗಂಗೊಳ್ಳಿಗೆ ದೋಣಿಯಲ್ಲಿ ದಾಟುತ್ತ ಬೆಳೆದವರಿಗೆ ಅಲೆಯ ಲೆಕ್ಕ ಕಾಲಿಗೇ ಗೊತ್ತಿರುತ್ತದೆ ಎಂದು ಕಾಣುತ್ತದೆ. ಅವರ ಹಿಂದೆ ಬಂದ ಎತ್ತರದ ಹಿಮ್ಮಡಿಯ ಚಪ್ಪಲಿಯ ಯುವತಿಯನ್ನು ಇಬ್ಬರು ಸೇರಿ ಎತ್ತಿ ಇಳಿಸಬೇಕಾಯಿತು.

ಮುಂದಿನ ಊರು ಮನರೋಲಾ, ಹತ್ತು ನಿಮಿಷ. ಈ ಎರಡು ಊರುಗಳ ನಡುವೆ ಬಂಡೆಯನ್ನು ಕೊರೆದ ಕಾಲುದಾರಿಯೊಂದಿದೆ, ಹೆಸರು ಪ್ರೇಮದ ದಾರಿ. ಒಂದು ಕಿಲೋಮೀಟರಿನಷ್ಟೂ ಇಲ್ಲ. 2012ರಲ್ಲಿ ಬಂಡೆ ಉರುಳಿ ಪ್ರವಾಸಿಗಳಿಗೆ ಏಟಾದ ಮೇಲೆ ಮುಚ್ಚಿದ ಆ ದಾರಿ ಪೂರ್ತಿ ತೆರೆದದ್ದು 2024ರಲ್ಲಿ. ಹನ್ನೆರಡು ವರ್ಷ! ಅಷ್ಟೂ ಕಾಲ ಪಕ್ಕದೂರಿಗೆ ಹೋಗಲು ಉಳಿದದ್ದು ರೈಲು, ಈ ದೋಣಿ, ಇಲ್ಲವೇ ಮಂಡಿ ಮುರಿಯುವ ಬೆಟ್ಟದ ಮೆಟ್ಟಿಲು. ದೋಣಿಯಿಂದ ನೋಡಿದರೆ ಆ ದಾರಿಯ ಮೇಲೆ ಬಂಡೆಗೆ ಹೊದಿಸಿದ ಬಲೆಗಳು ಕಾಣುತ್ತವೆ. ಬೆಟ್ಟವನ್ನು ಕಟ್ಟಿಹಾಕಿದ ಹಾಗೆ.

ಮನೆಗಳಿಗೆ ಬಳಿದ ಬಣ್ಣದ ಬಗ್ಗೆ ಎಲ್ಲರೂ ಒಂದು ಕತೆ ಹೇಳುತ್ತಾರೆ. ಮೀನು ಹಿಡಿಯಲು ಹೋದವರಿಗೆ ದೂರದಿಂದಲೇ ತಮ್ಮ ತಮ್ಮ ಮನೆ ಗುರುತು ಸಿಗಲೆಂದು ಒಂದಕ್ಕೆ ಹಳದಿ, ಒಂದಕ್ಕೆ ಗುಲಾಬಿ, ಒಂದಕ್ಕೆ ಇಟ್ಟಿಗೆಗೆಂಪು ಬಳಿದರಂತೆ. ನಿಜವೋ, ಟೂರ್ ಗೈಡುಗಳು ಬೆಳೆಸಿದ್ದೋ. ಆದರೆ ನೀರಿನ ಮೇಲಿದ್ದಾಗ ಕತೆ ಸುಳ್ಳೆನಿಸುವುದಿಲ್ಲ. ಅಷ್ಟು ದೂರದಿಂದಲೂ ಒಂದೊಂದು ಮನೆ ಒಂದೊಂದಾಗಿ ಎದ್ದು ಕಾಣುತ್ತದೆ.

ಇನ್ನು ಕೊರ್ನೀಲ್ಯಾ. ದೋಣಿ ಅದರ ಕೆಳಗಿನಿಂದ ಹಾದು ಹೋಗುತ್ತದೆ, ನಿಲ್ಲುವುದಿಲ್ಲ. ಐದು ಊರುಗಳಲ್ಲಿ ಬಂದರಿಲ್ಲದ್ದು ಇದೊಂದೇ. ಸಮುದ್ರದಿಂದ ಸುಮಾರು ನೂರು ಮೀಟರ್ ಎತ್ತರದ ಬಂಡೆಯ ಮೇಲೆ, ನೀರಿಗೆ ಬೆನ್ನು ತೋರದೆ, ಹತ್ತಿರವೂ ಬರದೆ ಕೂತಿದೆ. ರೈಲು ನಿಲ್ದಾಣದಿಂದ ಹತ್ತಲು 380ರ ಆಸುಪಾಸು ಮೆಟ್ಟಿಲು. ಮೀನಿಗಿಂತ ದ್ರಾಕ್ಷಿಯನ್ನು ನಂಬಿದ ಊರು. ದೋಣಿಯಲ್ಲಿದ್ದ ಎಲ್ಲರೂ ಫೋಟೊ ತೆಗೆದರು, ಯಾರೂ ಇಳಿಯಲಿಲ್ಲ. ನನಗೆ ಐದರಲ್ಲಿ ಹೆಚ್ಚು ಮೆಚ್ಚಿಗೆಯಾದದ್ದು ಈ ಕಾಲಿಡದ ಊರೇ. ಸಮುದ್ರದ ದಾರಿ ಒಂದು ಊರಿಗೆ ಏನು ಕೊಟ್ಟಿದೆ ಎಂಬುದು ಆ ದಾರಿ ಮುಟ್ಟದ ಪಕ್ಕದೂರನ್ನು ನೋಡಿದಾಗ ಗೊತ್ತಾಗುತ್ತದೆ.

ಏಕೆಂದರೆ ರೈಲು ಇಲ್ಲಿಗೆ ಬಂದದ್ದು 1870ರ ದಶಕದಲ್ಲಿ. ಜಿನೋವಾದಿಂದ ಲಾ ಸ್ಪೆಜಿಯಾವರೆಗಿನ ಹಳಿ ಪೂರ್ತಿಯಾದದ್ದು 1874ರಲ್ಲಿ. ಕಾರು ಬರುವ ರಸ್ತೆ ಅದಕ್ಕಿಂತ ಎಷ್ಟೋ ತಡ, ಇವತ್ತಿಗೂ ಕಾರು ಊರಿನ ಹೊರಗೇ ನಿಲ್ಲಬೇಕು. ಅದಕ್ಕೆ ಮೊದಲು ಹೇಸರಗತ್ತೆ ನಡೆಯುವ ಬೆಟ್ಟದ ಹಾದಿ, ಇಲ್ಲವೇ ಸಮುದ್ರ. ಲೇವುದೊ ಎಂಬ ಮುಕ್ಕೋನ ಹಾಯಿಯ ಸರಕು ದೋಣಿಗಳು ಇಲ್ಲಿನ ದ್ರಾಕ್ಷಾರಸದ ಪೀಪಾಯಿಗಳನ್ನು ಹೊತ್ತು ಜಿನೋವಾದ ಕಡೆಗೆ ಹೋಗುತ್ತಿದ್ದವು. ಕರಾವಳಿಯ ಹಳಬರಿಗೆ ಮಚ್ವೆ ಎಂದರೆ ಥಟ್ಟನೆ ಹೊಳೆದೀತು, ಅದರ ದೂರದ ದಾಯಾದಿ. ಕೊಂಕಣ ರೈಲು 1998ರಲ್ಲಿ ಪೂರ್ತಿ ಓಡುವ ಮೊದಲು, ಘಟ್ಟದ ರಸ್ತೆ ಸರಿಯಾಗುವ ಮೊದಲು, ಮಂಗಳೂರು ಕಾರವಾರಗಳಿಂದ ಸ್ಟೀಮರಿನಲ್ಲಿ ಮುಂಬಯಿಗೆ ಬಂದಿಳಿದ ಹಿರಿಯರ ಮಕ್ಕಳು ಮೊಮ್ಮಕ್ಕಳು ನಮ್ಮ ಕೇಳುಗರಲ್ಲಿ ಎಷ್ಟು ಜನ ಇದ್ದೀರೋ. ಹಾಗೆ ನೋಡಿದರೆ ಇವತ್ತಿನ ಬತ್ತೆಲ್ಲೊ ಪ್ರವಾಸಿಗಳ ಮೋಜಿನ ಸವಾರಿಯಂತೆ ಕಂಡರೂ, ಅದು ಓಡುತ್ತಿರುವುದು ಆ ಊರುಗಳ ಹಳೆಯ ರಾಜರಸ್ತೆಯ ಮೇಲೆ.

ಆ ರಸ್ತೆ ಇದ್ದಕ್ಕಿದ್ದಂತೆ ಮತ್ತೆ ಬೇಕಾದ ದಿನವೊಂದು ಬಂತು. ವೆರ್ನಾಜಾದಲ್ಲಿ ಇಳಿದಾಗ ಅದನ್ನು ಯೋಚಿಸದೆ ಇರಲು ಆಗುವುದಿಲ್ಲ. ಐದರಲ್ಲಿ ಅತ್ಯಂತ ಚೆಲುವಾದ ಬಂದರು ಅದು. ನೀರಿಗೆ ತಾಗಿಕೊಂಡೇ ಚರ್ಚು, ಮೇಲೆ ಕೋಟೆಯ ದುಂಡು ಗೋಪುರ, ನಡುವೆ ಅಂಗೈಯಗಲದ ಚೌಕ, ಅಲ್ಲಿ ಕೊಡೆಗಳ ಕೆಳಗೆ ಕಾಫಿ ಕುಡಿಯುವ ಜನ. 2011ರ ಅಕ್ಟೋಬರ್ 25ರಂದು ಈ ಚೌಕಕ್ಕೆ ಬೆಟ್ಟವೇ ಇಳಿದು ಬಂತು. ಕೆಲವೇ ಗಂಟೆಗಳಲ್ಲಿ ಆ ಸುತ್ತಿನ ಬೆಟ್ಟಗಳ ಮೇಲೆ ಕೆಲವೆಡೆ ಅರ್ಧ ಮೀಟರಿನಷ್ಟು ಮಳೆ ಸುರಿಯಿತು. ಊರಿನ ಮುಖ್ಯ ಬೀದಿಯ ಕೆಳಗೆ ಹರಿಯುವ ತೊರೆ ಉಕ್ಕಿ, ಬೆಟ್ಟದ ಮಣ್ಣು, ಕಲ್ಲು, ಮರ, ಕಾರುಗಳನ್ನು ಹೊತ್ತು ಬೀದಿಯನ್ನೇ ನದಿ ಮಾಡಿತು. ಅಂಗಡಿಗಳು ಬಾಗಿಲಿನ ಎತ್ತರಕ್ಕೂ ಮೇಲೆ ಕೆಸರಿನಲ್ಲಿ ಹೂತವು. ವೆರ್ನಾಜಾದಲ್ಲಿ ಮೂವರು, ಪಕ್ಕದ ಮೊಂತೆರೊಸ್ಸೊದಲ್ಲಿ ಒಬ್ಬರು ತೀರಿಕೊಂಡರು. ಆಗ ಹೇಳಿದ ಆ ಕುರುಚಲು ಬೆಳೆದ ಗದ್ದೆಗಳು ನೆನಪಿವೆಯೇ? ನೋಡಿಕೊಳ್ಳುವವರಿಲ್ಲದ ಗೋಡೆ ನೀರನ್ನು ಹೊರಗೆ ಬಿಡುವುದಿಲ್ಲ, ಉಬ್ಬುತ್ತದೆ, ಒಂದು ದೊಡ್ಡ ಮಳೆಗೆ ಹಿಂದಿನ ಮಣ್ಣಿನ ಸಮೇತ ಕುಸಿಯುತ್ತದೆ. ಬೆಟ್ಟ ಬಿಟ್ಟು ಪಟ್ಟಣ ಸೇರಿದವರ ಲೆಕ್ಕ ಎಲ್ಲಿ ಬಂದು ತೀರುತ್ತದೆ ನೋಡಿ. ಊರು ಬಿಟ್ಟು ಬಂದವರೇ ಆದ ನಾವು ಇದನ್ನು ಸುಲಭವಾಗಿ ಹೇಳಿ ಮುಗಿಸುವ ಹಾಗಿಲ್ಲ.

ರಸ್ತೆ ಹೋಯಿತು. ರೈಲು ನಿಂತಿತು. ಫೋನಿಲ್ಲ, ವಿದ್ಯುತ್ತಿಲ್ಲ. ಉಳಿದದ್ದು ಸಮುದ್ರ. ಮಾರನೆಯ ದಿನದಿಂದ ವೆರ್ನಾಜಾದ ಜನರನ್ನು ಹೊರಗೆ ಕರೆದೊಯ್ದದ್ದು ದೋಣಿಗಳು. ಮುದುಕರು, ಮಕ್ಕಳು, ಸಿಕ್ಕಿಬಿದ್ದ ಪ್ರವಾಸಿಗಳು, ಎಲ್ಲರೂ ನಾವು ಈಗ ಫೋಟೊ ತೆಗೆದುಕೊಳ್ಳುವ ಅದೇ ಬಂದರಿನಿಂದ ನೀರಿನ ಮೇಲೆ ಹೋದರು. ಇಡೀ ಊರು ಖಾಲಿಯಾಯಿತು. ತಿಂಗಳುಗಟ್ಟಲೆ ಕೆಸರು ತೆಗೆದು, ಮುಂದಿನ ವಸಂತದ ಹೊತ್ತಿಗೆ ಅಂಗಡಿಗಳು ಒಂದೊಂದಾಗಿ ಬಾಗಿಲು ತೆರೆದವು.

ಹಾಗೆಂದು ಸಮುದ್ರ ಯಾವಾಗಲೂ ಕೈ ಹಿಡಿಯುತ್ತದೆ ಎಂದಲ್ಲ. ದೋಣಿ ಓಡುವುದೇ ಮಾರ್ಚ್ ಕೊನೆಯಿಂದ ನವೆಂಬರ್ ಮೊದಲವರೆಗೆ. ಆ ತಿಂಗಳುಗಳಲ್ಲೂ ಟಿಕೆಟಿನ ಗೂಡಂಗಡಿಯ ಮುಂದೆ ಒಮ್ಮೊಮ್ಮೆ ಒಂದು ಹಲಗೆ ತೂಗುತ್ತದೆ, ಮಾರೆ ಮೊಸ್ಸೊ. ಸಮುದ್ರ ಅಲುಗುತ್ತಿದೆ ಎಂದರ್ಥ. ನೈಋತ್ಯದಿಂದ ಲಿಬೆಚ್ಚೊ ಎಂಬ ಗಾಳಿ ಬೀಸಿದರೆ ಅಲೆ ನೇರವಾಗಿ ಈ ಬಂಡೆಗಳಿಗೆ ಬಡಿಯುತ್ತದೆ, ಆ ಕಬ್ಬಿಣದ ಹಲಗೆಯನ್ನು ಚಾಚುವುದು ಸಾಧ್ಯವೇ ಇಲ್ಲ. ಆಕಾಶ ನೀಲಿಯಾಗಿರುತ್ತದೆ, ಬಿಸಿಲು ಹೊಡೆಯುತ್ತಿರುತ್ತದೆ, ದೋಣಿ ಮಾತ್ರ ಇಲ್ಲ. ಪ್ರವಾಸಿಗಳು ಸಿಡಿಮಿಡಿಗೊಳ್ಳುತ್ತಾರೆ. ಕೆಲವೊಮ್ಮೆ ಎಲ್ಲ ಕಡೆ ಓಡಿ ಒಂದು ಊರಿನಲ್ಲಿ ಮಾತ್ರ ನಿಲ್ಲಿಸುವುದಿಲ್ಲ, ಅಲ್ಲಿ ಅಲೆ ಜಾಸ್ತಿ ಎಂದು. ಬೆಳಿಗ್ಗೆ ಓಡಿದ್ದು ಮಧ್ಯಾಹ್ನಕ್ಕೆ ನಿಲ್ಲುವುದೂ ಉಂಟು. ನಮ್ಮ ಜೊತೆ ಸರತಿಯಲ್ಲಿದ್ದ ಒಬ್ಬರು ಎಷ್ಟು ದುಡ್ಡು ಬೇಕಾದರೂ ಕೊಡುತ್ತೇನೆ ಎಂದು ವಾದಕ್ಕಿಳಿದಿದ್ದರು, ಬೇರೆ ಯಾವುದೋ ದಿನ ಹೀಗಾಗಿತ್ತೆಂದು. ಗೂಡಂಗಡಿಯ ಹೆಂಗಸು ಕೈಯಿಂದ ಸಮುದ್ರ ತೋರಿಸಿದಳಂತೆ, ಅದನ್ನೇ ಕೇಳಿ ಎಂಬ ಹಾಗೆ.

ಆ ಹೆಂಗಸಿನ ಮೇಲೆ ನನಗೆ ಗೌರವ. ಜನ ತುಂಬಿದ್ದಾರೆ, ದುಡ್ಡು ಎದುರಿಗಿದೆ, ಆದರೂ ಇವತ್ತು ಇಲ್ಲ ಎನ್ನುವುದು ದೊಡ್ಡ ಮಾತು. 1947ರ ಜುಲೈ 17ರಂದು, ತುಂಬು ಮಳೆಗಾಲದಲ್ಲಿ, ಮುಂಬಯಿಯ ಭಾವುಚಾ ಧಕ್ಕಾದಿಂದ ರೇವಸಿಗೆ ಹೊರಟ ರಾಮದಾಸ್ ಎಂಬ ಹಡಗು ಮುಳುಗಿ 600ಕ್ಕೂ ಹೆಚ್ಚು ಜನ ಸತ್ತರು. ಅದೂ ಇಂಥದೇ ಸಣ್ಣ ಪ್ರಯಾಣ, ಮಧ್ಯಾಹ್ನದ ಊಟಕ್ಕೆ ಮನೆ ಸೇರುವ ಲೆಕ್ಕದ್ದು. ತೀರ ಇತ್ತೀಚೆಗೆ, 2024ರ ಡಿಸೆಂಬರ್ 18ರಂದು, ಎಲಿಫೆಂಟಾಗೆ ಹೊರಟ ಲಾಂಚಿಗೆ ನೌಕಾಪಡೆಯ ವೇಗದ ದೋಣಿ ಬಡಿದು 15 ಜನ ತೀರಿಕೊಂಡದ್ದು ನಮ್ಮ ಕಣ್ಣ ಮುಂದೆಯೇ ಇದೆ. ಅದರ ಮೇಲೆ ಲೈಫ್ ಜಾಕೆಟ್ ಕಡ್ಡಾಯವಾಯಿತು. ಆ ಕಿತ್ತಳೆ ಬಣ್ಣದ ಅಂಗಿ ಸೆಕೆಯಾಗುತ್ತದೆ, ವಾಸನೆ ಬರುತ್ತದೆ, ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲ, ಎಲ್ಲ ಸರಿ. ಹಾಕಿಕೊಳ್ಳಿ. ಇಟಲಿಯ ದೋಣಿಯಲ್ಲಿ ಅದನ್ನು ಯಾರೂ ತೊಟ್ಟು ಕೂರುವುದಿಲ್ಲ, ಎಲ್ಲಿಟ್ಟಿದ್ದಾರೆ ಎಂಬ ಸೂಚನೆಯನ್ನು ಮಾತ್ರ ಗೋಡೆಗೆ ಅಂಟಿಸಿರುತ್ತಾರೆ. ಹತ್ತಿದ ಕೂಡಲೇ ಅದೊಂದನ್ನು ಓದಿಕೊಂಡುಬಿಡಿ, ಫೋಟೊ ಆಮೇಲೆ.

ಮುಂದಿನ ಬೇಸಿಗೆಗೆ ಯುರೋಪಿಗೆ ಹೊರಡುವವರು ನಮ್ಮಲ್ಲಿ ಇದ್ದೇ ಇರುತ್ತೀರಿ, ಅಪ್ಪ ಅಮ್ಮನನ್ನು ಕರೆದುಕೊಂಡು. ಟೂರ್ ಕಂಪನಿಯ ಬಸ್ಸುಗಳು ಪೀಸಾದ ವಾಲುಗೋಪುರ ತೋರಿಸಿ ಮುಂದೆ ಓಡಿಬಿಡುತ್ತವೆ. ಪೀಸಾದಿಂದ ಲಾ ಸ್ಪೆಜಿಯಾಗೆ ರೈಲಿನಲ್ಲಿ ಹೆಚ್ಚೆಂದರೆ ಒಂದೂಕಾಲು ಗಂಟೆ. ಒಂದು ದಿನ ಹೊಂದಿಸಿಕೊಳ್ಳಿ. ಹೋಗುವಾಗ ದೋಣಿ, ಬರುವಾಗ ರೈಲು, ಇದೇ ಒಳ್ಳೆಯ ಕ್ರಮ. ಬೆಳಿಗ್ಗೆ ಸಮುದ್ರ ಸಾಮಾನ್ಯವಾಗಿ ಶಾಂತ, ಸಂಜೆ ದೋಣಿ ರದ್ದಾದರೂ ರೈಲು ಇದ್ದೇ ಇರುತ್ತದೆ. ಹಿರಿಯರಿಗೆ ಮಂಡಿನೋವಿದ್ದರೆ ಊರೂರಿನಲ್ಲಿ ಇಳಿಸಬೇಡಿ, ವೆರ್ನಾಜಾ ಮತ್ತು ಮೊಂತೆರೊಸ್ಸೊ ಎರಡೇ ಸಾಕು, ಅಲ್ಲಿ ಇಳಿಯುವುದೂ ಸಲೀಸು, ಬಂದರಿನ ಪಕ್ಕದಲ್ಲೇ ಕೂರಲು ಜಾಗವಿದೆ. ಜುಲೈ, ಆಗಸ್ಟ್ ತಿಂಗಳು ಮಾತ್ರ ಬೇಡವೇ ಬೇಡ. ಆಗ ಮುಂಬಯಿಯ ಲೋಕಲ್ ರೈಲಿನ ಸುಖವೇ ಅಲ್ಲೂ ಸಿಗುತ್ತದೆ, ಅದಕ್ಕಾಗಿ ಅಷ್ಟು ದೂರ ಹೋಗಬೇಕಾಗಿಲ್ಲ. ನಾಲ್ಕು ಸಾವಿರ ಜನರ ಊರುಗಳಿಗೆ ವರ್ಷಕ್ಕೆ ಲಕ್ಷಗಟ್ಟಲೆ ಜನ ನುಗ್ಗಿದರೆ ಅಲ್ಲಿನ ಅಜ್ಜಿ ತರಕಾರಿ ಚೀಲ ಹಿಡಿದು ಮನೆಗೆ ಹೋಗುವುದೂ ಕಷ್ಟ, ಅದನ್ನು ನಾನೇ ಕಣ್ಣಾರೆ ಕಂಡೆ. ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದ ಗುಂಪನ್ನು ದಾಟಲು ಆಕೆ ಮೂರು ಸಲ ಪೆರ್ಮೆಸ್ಸೊ, ದಾರಿ ಬಿಡಿ, ಎನ್ನಬೇಕಾಯಿತು.

ಶಾಕಾಹಾರಿಗಳು ಹೆದರಬೇಕಾಗಿಲ್ಲ. ಆಲಿವ್ ಎಣ್ಣೆ ಸುರಿದ ಫೊಕಾಚ್ಚಾ ಎಂಬ ದಪ್ಪ ರೊಟ್ಟಿಯಿದೆ. ಅದಕ್ಕಿಂತ ಒಳ್ಳೆಯದು ಫರಿನಾತಾ, ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು ಕಲಸಿ ದೊಡ್ಡ ತಟ್ಟೆಯಲ್ಲಿ ಹುಯ್ದು ಒಲೆಯಲ್ಲಿ ಸುಟ್ಟದ್ದು. ಅತ್ತಿಗೆಯ ಅಮ್ಮ ಒಂದು ತುಂಡು ಬಾಯಿಗಿಟ್ಟು, ಒಂದು ಹಸಿಮೆಣಸು ಬಿದ್ದಿದ್ದರೆ ನಮ್ಮ ದೋಸೆಯೇ ಆಗುತ್ತಿತ್ತು ಎಂದು ತೀರ್ಪು ಕೊಟ್ಟರು. ಮೀನು ತಿನ್ನುವವರಿಗೆ ಮೊಂತೆರೊಸ್ಸೊದ ಅಚ್ಚೂಗ, ಬೆರಳುದ್ದದ ಬೆಳ್ಳಿಬಣ್ಣದ ಮೀನು, ಉಪ್ಪಿನಲ್ಲಿ ಹಾಕಿಟ್ಟದ್ದು. ರಾತ್ರಿ ದೀಪ ಹಚ್ಚಿಕೊಂಡು ಹೋಗಿ, ಬೆಳಕಿಗೆ ಬರುವ ಮೀನನ್ನು ಬಲೆಗೆ ಹಾಕುವ ಕ್ರಮ ಅವರದು. ಈಗ ಹಾಗೆ ಹೋಗುವ ದೋಣಿಗಳು ಬೆರಳೆಣಿಕೆಯಷ್ಟು.

ಮೊಂತೆರೊಸ್ಸೊ ದೋಣಿಯ ಕೊನೆಯ ಊರು. ಇಟಲಿಯ ಕವಿ ಯೂಜೆನಿಯೊ ಮೊಂತಾಲೆ, 1975ರಲ್ಲಿ ನೊಬೆಲ್ ಬಹುಮಾನ ಪಡೆದವರು, ಬಾಲ್ಯದ ಬೇಸಿಗೆಗಳನ್ನೆಲ್ಲ ಕಳೆದದ್ದು ಇಲ್ಲಿ. ಕಡಲತೀರದ ತುದಿಯಲ್ಲಿ ಬಂಡೆಗೆ ಅಂಟಿಕೊಂಡಂತೆ ಒಬ್ಬ ದೈತ್ಯನ ಮೂರ್ತಿಯಿದೆ, 14 ಮೀಟರ್ ಎತ್ತರ, 1910ರಲ್ಲಿ ಕಾಂಕ್ರೀಟಿನಲ್ಲಿ ಮಾಡಿದ ಸಮುದ್ರದೇವತೆ ನೆಪ್ಚೂನ್. ಎರಡನೆಯ ಮಹಾಯುದ್ಧದ ಬಾಂಬು ಅವನ ಕೈಗಳನ್ನು ತೆಗೆದುಕೊಂಡಿತು, 1966ರ ಸಮುದ್ರದ ಅಬ್ಬರ ಇನ್ನಷ್ಟನ್ನು. ಈಗ ಅವನ ಕಾಲ ಬಳಿಯಲ್ಲೇ ಜನ ಟವೆಲ್ ಹಾಸಿ ಬಿಸಿಲು ಕಾಯಿಸುತ್ತಾರೆ. ಸಂಜೆಯ ಕೊನೆಯ ದೋಣಿ ಕತ್ತಲಾಗುವವರೆಗೆ ಕಾಯುವುದಿಲ್ಲ, ಐದು ಆರರೊಳಗೆ ಹೊರಟುಬಿಡುತ್ತದೆ, ತಿಂಗಳಿಂದ ತಿಂಗಳಿಗೆ ವೇಳೆ ಬದಲಾಗುತ್ತದೆ. ಇಳಿದ ಕೂಡಲೇ ಬಂದರಿನ ಹಲಗೆಯಲ್ಲಿ ಬರೆದ ವೇಳೆಯನ್ನು ನೋಡಿಟ್ಟುಕೊಳ್ಳಿ, ಆಮೇಲೆ ತಿರುಗಾಡಿ.